ಅತ್ತೆ ದೋಣಿ ಹತ್ತಿದ ಮಳೆಗಾಲ

ಹೊಸ ಫೈಬರ್ ದೋಣಿಗೆ ಒಂದು ವಾಸನೆ ಇರುತ್ತದೆ. ಪೇಂಟಿನ ಡಬ್ಬಿಯ ಮುಚ್ಚಳ ತೆಗೆದಾಗ ಮೂಗಿಗೆ ಹೊಡೆಯುತ್ತದಲ್ಲ, ಅಂಥದ್ದೇ. ಬಿಸಿಲು ಬಿದ್ದರೆ ಇನ್ನೂ ಜೋರು. ಈ ವರ್ಷ ಕಾರಹುಣ್ಣಿಮೆ ಕಳೆದ ಮೇಲೆ ನನ್ನ ಗಂಡ ಹಾಲೇಶ ಎರಡನೆಯ ದೋಣಿ ತಂದು ಮನೆಯ ಮುಂದೆ ಬೋರಲು ಹಾಕಿದಾಗ ಆ ವಾಸನೆ ಸೀದಾ ಅಡುಗೆಮನೆಗೆ ಬಂತು. ನಾನು ರೊಟ್ಟಿ ತಟ್ಟುತ್ತಿದ್ದೆ. ಹೆಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು.

ಪಡಸಾಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ನನ್ನ ಅತ್ತೆ ಕೆಂಚಮ್ಮ ತಲೆ ಎತ್ತಿ, "ಬಂತೇನೇ ದೋಣಿ?" ಎಂದರು. ಬೀದಿಯ ಮಕ್ಕಳೆಲ್ಲ ಅದರ ಸುತ್ತ ಸೇರಿದ್ದರು, ಎದುರು ಮನೆಯ ಮುದುಕ ಕೂಡ ಕೋಲೂರಿಕೊಂಡು ಬಂದು ತಟ್ಟಿ ನೋಡಿದ. ಅತ್ತೆ ಮಾತ್ರ ಏಳಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ ಮತ್ತೆ ಬೆಳ್ಳುಳ್ಳಿಗೆ ಕೈ ಹಾಕಿದರು. ಸ್ವಂತ ಮಗನ ದೋಣಿಯನ್ನು ಮುಟ್ಟಬಾರದವರು ಅವರು. ಹಾಗೆ ಆಗಲು ಕಾರಣ ನಾನು. ಈ ಮಾತು ಹತ್ತು ಹನ್ನೊಂದು ವರ್ಷದಿಂದ ನನ್ನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು, ಅತ್ತ ನುಂಗಲೂ ಆಗದೆ ಇತ್ತ ಉಗುಳಲೂ ಆಗದೆ.

ನಾನು ಜಗಳೂರು ಕಡೆಯವಳು. ನಮ್ಮಲ್ಲಿ ನೀರೆಂದರೆ ಕೊಡದಲ್ಲಿ, ಡ್ರಮ್ಮಿನಲ್ಲಿ ಇರುವಂಥದ್ದು, ಟ್ಯಾಂಕರ್ ಬಂದ ದಿನ ಚೂರು ಚೆಲ್ಲಿದರೂ ಬೈಸಿಕೊಳ್ಳುವಂಥದ್ದು. ನೀರಿಗಾಗಿ ನಿಲ್ಲುವುದು ಗೊತ್ತಿತ್ತು, ನೀರಿನ ಮೇಲೆ ಕೂರುವುದು ಗೊತ್ತಿರಲಿಲ್ಲ. ಅಂಥವಳನ್ನು ಚನ್ನಗಿರಿ ಸೀಮೆಯ ಸೂಳೆಕೆರೆ ದಡದಲ್ಲಿ ಮೀನು ಹಿಡಿಯುವ ಮನೆಗೆ ಕೊಟ್ಟರು. ಮದುವೆಯಾದ ಹೊಸದರಲ್ಲಿ ಏರಿಯ ಮೇಲೆ ನಿಂತು ನೋಡಿದರೆ ಆಚೆಗೆ ಗುಡ್ಡಗಳು ಕಂಡವೇ ಹೊರತು ದಡ ಕಾಣಲಿಲ್ಲ. ತಲೆ ತಿರುಗಿ ಅಲ್ಲೇ ಕೂತುಬಿಟ್ಟೆ. "ಸಮುದ್ರ ಅಲ್ಲ ಕಣೇ, ಕೆರೆ" ಎಂದು ಹಾಲೇಶ ನಕ್ಕ. ಮುಳುಗುವವರಿಗೆ ಎರಡೂ ಒಂದೇ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಅತ್ತೆ ಇದಕ್ಕೆ ತದ್ವಿರುದ್ಧ. ಅವರ ತವರು ಕೆರೆಯ ಆಚೆ ದಡದ ಊರು. ಮದುಮಗಳಾಗಿ ಹರಿಗೋಲಿನಲ್ಲೇ ಕೂತು ಈ ದಡಕ್ಕೆ ಬಂದವರಂತೆ. ಮಾವ ಬದುಕಿರುವವರೆಗೂ ಅವರ ಜೊತೆ ಬಲೆ ಎಳೆಯಲು ಹೋಗುತ್ತಿದ್ದರು. ಮಾವ ಜ್ವರದಲ್ಲಿ ತೀರಿಕೊಂಡರು. ಅದು ನಾನು ಬರುವುದಕ್ಕಿಂತ ಮೊದಲಿನ ಮಾತು. ಆಮೇಲೆ ಅವರಿಗೆ ಹರಿಗೋಲು ಹತ್ತಬೇಡ ಎಂದು ಯಾರೂ ಹೇಳಲಿಲ್ಲವಂತೆ, ಹತ್ತು ಎಂದೂ ಯಾರೂ ಹೇಳಲಿಲ್ಲ. ನಮ್ಮಲ್ಲಿ ಗಂಡ ಸತ್ತವಳಿಗೆ ಹೇಳದೆಯೇ ತಿಳಿಯಬೇಕಾದ ಸಂಗತಿಗಳು ಬಹಳ ಇವೆ.

ನೀರು ಹೋದರೂ ಬಲೆ ಅವರ ಕೈಯಲ್ಲಿ ಉಳಿದಿತ್ತು. ಹರಿದ ಬಲೆ ಹೊಲಿಯುವುದರಲ್ಲಿ ದಡದ ಮೂರು ಊರಿಗೆ ಅವರೇ. ಬಾಗಿಲ ಕಂಬಕ್ಕೆ ಬಲೆಯ ತುದಿ ಕಟ್ಟಿ, ಕಾಲು ಚಾಚಿ ಕೂತು, ಬಿದಿರಿನ ಸೂಜಿ ಆಡಿಸುತ್ತಾ ಹೋದರೆ ಊಟದ ನೆನಪೂ ಇರುತ್ತಿರಲಿಲ್ಲ. ಬಾಯಿಗೆ ಎಲೆ ಅಡಿಕೆ, ಕೈಗೆ ಬಲೆ, ಕಣ್ಣು ಬೀದಿಯಲ್ಲಿ. ಗಂಟು ನೋಡಬೇಕಾಗಿಯೇ ಇರಲಿಲ್ಲ. "ಬಲಿ ಹೊಲಿಯಾಕೆ ಕಣ್ಣು ಯಾಕ? ಕಣ್ಣು ಮಂದಿ ನೋಡಾಕೆ" ಎನ್ನುತ್ತಿದ್ದರು.

ಹತ್ತು ಹನ್ನೊಂದು ವರ್ಷದ ಹಿಂದೆ ಹಾಲೇಶ ಅಪ್ಪನ ಕಾಲದ ಹರಿಗೋಲು ಬಿಟ್ಟು ಮೊದಲ ಫೈಬರ್ ದೋಣಿ ತಂದ. ಮೀನು ಮೊಟ್ಟೆ ಇಡುವ ಕಾಲ, ಕೆರೆಗೆ ಬಲೆ ಬಿಡುವುದು ಬಂದ್ ಆಗಿತ್ತು. ಆಷಾಢ ಪೂರ್ತಿ ದೋಣಿ ಮನೆ ಮುಂದೆಯೇ ಇತ್ತು. ದಿನಾ ಬೆಳಿಗ್ಗೆ ಎದ್ದವನು ನನ್ನ ಮುಖ ನೋಡುವ ಮೊದಲು ಅದರ ಮುಖ ನೋಡುತ್ತಿದ್ದ. ಮಳೆ ಬಂದರೆ ಟಾರ್ಪಾಲ್ ಹೊದಿಸುವನು, ಮಳೆ ನಿಂತರೆ ತೆಗೆದು ಒರೆಸುವನು. ನೀರಿಗೆ ಇಳಿಯುವ ವಸ್ತುವನ್ನು ಮಳೆಯಿಂದ ಕಾಪಾಡುವ ಗಂಡಸನ್ನು ನಾನು ಅವನೊಬ್ಬನನ್ನೇ ಕಂಡಿದ್ದು. ನಗು ಬರುತ್ತಿತ್ತು, ಅಕ್ಕರೆಯೂ ಬರುತ್ತಿತ್ತು.

ಈ ಕಡೆ ಒಂದು ಪದ್ಧತಿ ಇದೆ. ದೋಣಿ ಮೊದಲ ಸಲ ನೀರಿಗೆ ಇಳಿಯುವಾಗ ಬಲೆ ಒಯ್ಯುವುದಿಲ್ಲ. ದೋಣಿಯವನ ಮನೆಯ ಹೆಣ್ಣು ಅದರಲ್ಲಿ ಕೂತು ಕೆರೆಯ ನಡುವಿಗೆ ಹೋಗಿ ಗಂಗಮ್ಮನಿಗೆ ಬಾಗಿನ ಬಿಟ್ಟು ಬರಬೇಕು. ಮನೆಯ ಹೆಣ್ಣು ಕೂರದ ದೋಣಿಯನ್ನು ಗಂಗಮ್ಮ ಒಪ್ಪುವುದಿಲ್ಲ ಎಂಬ ಮಾತು. ನಾದಿನಿಯನ್ನು ನ್ಯಾಮತಿಗೆ ಕೊಟ್ಟಾಗಿತ್ತು. ಕೊಟ್ಟ ಹೆಣ್ಣು ಮನೆಯ ಲೆಕ್ಕಕ್ಕೆ ಬರುವುದಿಲ್ಲ. ಉಳಿದವಳು ನಾನು.

ಹಾಲೇಶನಿಗೆ ನನ್ನ ಭಯ ಗೊತ್ತಿತ್ತು. ಅದಕ್ಕೇ ಎಲ್ಲೆಲ್ಲೋ ವಿಚಾರಿಸಿ ಒಂದು ಲೈಫ್ ಜಾಕೆಟ್ ತಂದ. ಕಿತ್ತಳೆ ಬಣ್ಣದ್ದು. "ಇದ್ನ ಹಾಕ್ಕಂಡ್ರೆ ನೀನು ಮುಳುಗಬೇಕು ಅಂದ್ರೂ ಮುಳುಗಾಕೆ ಆಗಲ್ಲ. ಅರ್ಧ ತಾಸು, ಹೋಗಿ ಬಂದುಬಿಡಾದು" ಎಂದು ನನಗೆ ತೊಡಿಸಿ, ಕೊಂಡಿ ಹಾಕಿ, ಹಿಂದೆ ಸರಿದು ನೋಡಿದ. ನಾನು ನಕ್ಕೆ. ಅವನಿಗೆ ನಾನು ಒಪ್ಪಿದೆ ಅನ್ನಿಸಿತು. ನನಗೂ ಆ ಕ್ಷಣಕ್ಕೆ ಹಾಗೇ ಅನ್ನಿಸಿದ್ದು.

ಬಂದ್ ಮುಗಿಯುವ ದಿನ ಶ್ರಾವಣದ ಹೊಸದರಲ್ಲೇ ಬಿತ್ತು. ಮರುದಿನ ಬೆಳಿಗ್ಗೆ ದೋಣಿ ಇಳಿಸುವುದು ಎಂದು ಪಕ್ಕದ ಮನೆಯ ದೊಡ್ಡ ಮಾವ ರಂಗಪ್ಪನವರು, ನಮ್ಮ ಮಾವನ ಅಣ್ಣ, ಹೇಳಿದರು. ಹಿಂದಿನ ದಿನ ಸಂಜೆ ನಾನು ಕೊಡ ತೊಳೆಯಲು ದಡಕ್ಕೆ ಹೋದೆ. ಗುಡ್ಡದ ಕಡೆಯಿಂದ ಹೊಸ ನೀರು ಬಂದು ಕೆರೆ ಕೆಂಪಾಗಿತ್ತು. ಗಾಳಿಗೆ ಅಲೆ ಎದ್ದು ಮೆಟ್ಟಿಲನ್ನು ಬಡಿಯುತ್ತಿತ್ತು. ಒಂದು ಅಲೆ ಕಾಲಿಗೆ ಬಡಿದು ಕೊಡ ಕೈಜಾರಿ ತೇಲಿಕೊಂಡು ಹೋಯಿತು. ಎಷ್ಟು ಹಗುರಾಗಿ ಹೋಯಿತೆಂದರೆ, ಅದು ನನ್ನ ಮನೆಯ ಕೊಡ ಎಂದು ಅದಕ್ಕೇ ನೆನಪಿದ್ದಂತಿರಲಿಲ್ಲ. ನಾನು ಅದನ್ನು ಹಿಡಿಯಲೂ ಬಗ್ಗಲಿಲ್ಲ. ಬರಿಗೈಲಿ ಮನೆಗೆ ಓಡಿ ಬಂದೆ. ಜಗುಲಿಯ ಹತ್ತಿರವೇ ನಿಂತು, ಒಳಗೆ ಹೆಜ್ಜೆ ಇಡದೆ, "ಅತ್ತೆ, ನಾನು ಹೊರಗಾಗೀನಿ" ಎಂದೆ.

ಮುಟ್ಟು ಎಂದು ಬಾಯಿಬಿಟ್ಟು ಹೇಳುವ ಮನೆಯಲ್ಲ ನಮ್ಮದು. ಹೊರಗಾಗಿದ್ದೇನೆ ಎಂದರೆ ಸಾಕು, ಮೂರು ದಿನ ಅಡುಗೆಮನೆ ಇಲ್ಲ, ದೇವರ ಮನೆ ಇಲ್ಲ, ಪಡಸಾಲೆಯಲ್ಲಿ ಚಾಪೆ. ಬಾಗಿನ ಬಿಡುವುದಂತೂ ಇಲ್ಲವೇ ಇಲ್ಲ. ಗಂಡಸರು ಇನ್ನೊಂದು ಪ್ರಶ್ನೆ ಕೇಳಲಾರದ ಮಾತು ಅದು. ಹೆಂಗಸರು ಕೇಳಬಹುದಾಗಿತ್ತು. ಅತ್ತೆ ನನ್ನ ಮುಖ ನೋಡಿದರು. ಒದ್ದೆಯಾದ ಸೀರೆಯ ಅಂಚು ನೋಡಿದರು. "ಕೊಡ ಎಲ್ಲೇ?" ಎಂದರು.

"ತೇಲಿ ಹೋತು."

"ಹೂಂ" ಎಂದವರೇ ಒಳಗಿಂದ ಚಾಪೆ, ಕಂಬಳಿ ತಂದು ಪಡಸಾಲೆಯ ಮೂಲೆಗೆ ಹಾಕಿದರು.

ಹಾಲೇಶ ಬಂದು ಸುದ್ದಿ ಕೇಳಿ ಚಾಪೆಯಿಂದ ದೂರದಲ್ಲಿ ನಿಂತ. ಅವನ ಮುಖ ಬಾಡಿದ್ದನ್ನು ಈಗಲೂ ನೆನೆಯಲು ನನಗೆ ಇಷ್ಟವಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೋಗ್ಲಿ ಬಿಡು, ನಿನ್ ಕೈಯಾಗೆ ಐತಾ ಅದು" ಎಂದು ನನಗೇ ಸಮಾಧಾನ ಹೇಳಿದ. ನನ್ನ ಕೈಯಲ್ಲೇ ಇತ್ತು.

ದೊಡ್ಡ ಮಾವ ಜಗುಲಿಯಲ್ಲಿ ಕೂತು ತಲೆ ಆಡಿಸಿದರು. "ಮೂರು ದಿನ ಬಿಟ್ಟು ಇಳಿಸಾಕೆ ಆಗಲ್ಲ. ನಾಳೆ ಎಲ್ರೂ ಬಲಿ ಬಿಡ್ತಾರೆ, ನಮ್ ದೋಣಿ ದಡದಾಗೆ ಇರ್ತತಾ?"

"ನಮ್ಮವ್ವ ಕುಂದ್ರತಾಳೆ" ಎಂದ ಹಾಲೇಶ.

ಅತ್ತೆ ಲಾಟೀನಿನ ಗಾಜು ಒರೆಸುತ್ತಿದ್ದರು. ಕರೆಂಟು ಹೋಗಿರಲಿಲ್ಲ, ಆ ಲಾಟೀನು ಹಚ್ಚಿ ವರ್ಷವಾಗಿತ್ತು.

"ಬಾಗಿನ ಮುತ್ತೈದಿ ಬಿಡಬೇಕಲೋ" ಎಂದರು ದೊಡ್ಡ ಮಾವ.

"ಅವ್ವ ಬರೀ ಕುಂದ್ರಲಿ. ಬಾಗಿನ ನಾನೇ ಬಿಡ್ತೀನಿ. ಮನಿ ಹೆಣ್ಣು ಅಂದ್ರೆ ನಮ್ಮವ್ವ ಅಲ್ದೆ ಇನ್ಯಾರು?"

ಆಗ ನಾನು ಬಾಯಿ ಬಿಡಬಹುದಿತ್ತು. ನನಗೆ ನೀರೆಂದರೆ ಹೆದರಿಕೆ, ಅದಕ್ಕೇ ಹಾಗೆ ಹೇಳಿದೆ ಎಂದಿದ್ದರೆ ಎರಡು ಬೈಗುಳದಲ್ಲಿ ಮುಗಿಯುತ್ತಿತ್ತು. ಕಂಬಳಿ ಎಳೆದುಕೊಂಡು ಗೋಡೆಯ ಕಡೆ ತಿರುಗಿದೆ.

ಬೆಳಿಗ್ಗೆ ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದಾಗ ಹಗ್ಗದ ಮೇಲೆ ಒಂದು ಹಳೆಯ ಸೀರೆಯ ತುಂಡು ಒಗೆದು ಹಾಕಿತ್ತು. ಹೊರಗಾದ ಹೆಂಗಸು ಒಗೆದು ಒಣಗಿಸುವಂಥ ಬಟ್ಟೆ. ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ನಾನು ಒಗೆದಿರಲಿಲ್ಲ. ಹಾಲೇಶ ಅದೇ ಹಗ್ಗದ ಕೆಳಗೆ ಬಗ್ಗಿ ಮುಖ ತೊಳೆಯುತ್ತಿದ್ದ. ಗಾಳಿಗೆ ಪಕ್ಕದ ಹಿತ್ತಿಲಿನಿಂದ ಬಂದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಒದ್ದೆ ಬಟ್ಟೆ ಹಾರಿ ಬಂದು ಹಗ್ಗದ ಮೇಲೆ ನೀಟಾಗಿ ಕೂರುವುದಿಲ್ಲ ಎಂಬುದು ಗೊತ್ತಾಗದಷ್ಟು ದಡ್ಡಿ ನಾನಲ್ಲ. ಗೊತ್ತು ಮಾಡಿಕೊಳ್ಳಲು ಧೈರ್ಯವಿರಲಿಲ್ಲ ಅಷ್ಟೇ.

ಹೊರಗಾದವಳು ದೋಣಿಯ ಹತ್ತಿರ ಹೋಗುವಂತಿರಲಿಲ್ಲ. ಆಗ ಎರಡು ವರ್ಷದವಳಾಗಿದ್ದ ಮಗಳನ್ನು ಸೊಂಟದಲ್ಲಿ ಕೂರಿಸಿಕೊಳ್ಳುವಂತೆಯೂ ಇರಲಿಲ್ಲ. ಅವಳನ್ನು ನೆರೆಮನೆಯವರಿಗೆ ಕೊಟ್ಟು ನಾನು ಏರಿಯ ಮೇಲಿನ ಹುಣಸೆಮರದ ಕೆಳಗೆ ಒಬ್ಬಳೇ ನಿಂತೆ. ಕೆಳಗೆ ದೋಣಿಗೆ ಅರಿಶಿನ ಕುಂಕುಮ, ಚೆಂಡು ಹೂವು. ಅತ್ತೆ ಬಿಳಿ ಅಂಚಿನ ನೀಲಿ ಸೀರೆ ಉಟ್ಟಿದ್ದರು. ಹಾಲೇಶ ಕಿತ್ತಳೆ ಜಾಕೆಟ್ ಅವರ ಕೈಗೆ ಕೊಟ್ಟ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮಡಚಿ, ಅಡ್ಡಹಲಗೆಯ ಮೇಲೆ ಮೆತ್ತೆ ಮಾಡಿ ಹಾಕಿಕೊಂಡರು. ಆಮೇಲೆ ಯಾರ ಕೈಯನ್ನೂ ಹಿಡಿಯದೆ, ಸೀರೆಯ ನೆರಿಗೆ ಒಂದು ಕೈಯಲ್ಲಿ ಎತ್ತಿ, ದೋಣಿಯ ಅಂಚಿಗೆ ಇನ್ನೊಂದು ಕೈ ಊರಿ, ಒಂದೇ ಸಲಕ್ಕೆ ಹತ್ತಿ ಕೂತರು.

ದೋಣಿ ದಡ ಬಿಟ್ಟಿತು. ನಾನು ಅಷ್ಟು ದೂರದಿಂದಲೂ ಅವರ ಬೆನ್ನು ನೋಡುತ್ತಿದ್ದೆ. ಮನೆಯಲ್ಲಿ ಸದಾ ಬಗ್ಗಿರುತ್ತಿದ್ದ ಬೆನ್ನು ನೆಟ್ಟಗಿತ್ತು. ಸ್ವಲ್ಪ ದೂರ ಹೋದ ಮೇಲೆ ಅವರು ಪಕ್ಕಕ್ಕೆ ಬಾಗಿ ನೀರಿಗೆ ಕೈ ಬಿಟ್ಟರು, ಹಾಗೇ ಬಿಟ್ಟುಕೊಂಡೇ ಹೋದರು. ಹಾಲೇಶ ಹುಟ್ಟು ಹಾಕುತ್ತಾ ಏನೋ ಹೇಳಿದ. ಅವರು ತಲೆ ಹಿಂದಕ್ಕೆ ಹಾಕಿ ನಕ್ಕರು. ನಮ್ಮ ಮನೆಯಲ್ಲಿ ಅತ್ತೆ ನಕ್ಕಿದ್ದನ್ನು ನಾನು ಕಂಡಿದ್ದೆ, ಹಾಗೆ ನಕ್ಕಿದ್ದನ್ನು ಕಂಡಿರಲಿಲ್ಲ. ಅಯ್ಯೋ, ನನ್ನ ಸುಳ್ಳಿನಿಂದ ಒಳ್ಳೆಯದೇ ಆಯಿತಲ್ಲ ಎಂದು ನನಗೆ ಖುಷಿಯಾಯಿತು. ಆ ಖುಷಿಗೂ ನಾನು ಆಮೇಲೆ ನಾಚಿಕೊಂಡಿದ್ದೇನೆ.

ನಡುವಿಗೆ ಹೋದಾಗ ದೋಣಿ ನಿಂತಿತು. ಬಾಗಿನದ ಮೊರ ನೀರಿಗೆ ಇಳಿಯಿತು. ಬಿಟ್ಟಿದ್ದು ಎರಡು ಕೈಯಲ್ಲ, ನಾಲ್ಕು ಕೈ. ದಡದ ಮೇಲೆ ನಿಂತವರೆಲ್ಲರೂ ನೋಡಿದರು. ದೊಡ್ಡ ಮಾವ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ಏರಿ ಹತ್ತಿ ಹೊರಟುಹೋದರು.

ಆ ಮಳೆಗಾಲದಲ್ಲಿ ಮೀನು ಬೀಳಲಿಲ್ಲ. ಹೊಸ ನೀರು ಮೇಲಿಂದ ಮೇಲೆ ಬಂದು ಕೆರೆ ಉಬ್ಬಿತ್ತು. ನೀರು ಹರಡಿದರೆ ಮೀನೂ ಹರಡುತ್ತದೆ, ಎಲ್ಲರ ಬಲೆಯಲ್ಲೂ ಕಮ್ಮಿಯೇ. ನಮ್ಮ ದೋಣಿಗೆ ಇನ್ನೂ ಕಮ್ಮಿ. ಬೆಳಿಗ್ಗೆ ನಲ್ಲೂರಿನ ಕಡೆ ಮೀನು ಒಯ್ಯುತ್ತಿದ್ದ ಹಾಲೇಶನ ಬೈಕಿನ ಬುಟ್ಟಿಯಲ್ಲಿ ನಾಲ್ಕು ಜಿಲೇಬಿ ಮೀನು ಹೊರಳಾಡುತ್ತಿದ್ದರೆ ಹೆಚ್ಚು. ಅದರ ಮೇಲೆ ಗೌರಿ ಹಬ್ಬದ ಹೊತ್ತಿಗೆ ಹೊಸ ಬಲೆ ನೀರಿನಡಿಯ ಜಾಲಿ ಬೊಡ್ಡೆಗೆ ಸಿಕ್ಕಿ ಎರಡು ತುಂಡಾಯಿತು. ಹರಿದ ಬಲೆ ಅಂಗಳದಲ್ಲಿ ಹಾಕಿದ ದಿನ ಅತ್ತೆ ಎಂದಿನಂತೆ ಬಿದಿರಿನ ಸೂಜಿಗೆ ದಾರ ಸುತ್ತಿಕೊಂಡು ಬಂದರು. ದೊಡ್ಡ ಮಾವ ಜಗುಲಿಯಲ್ಲಿದ್ದರು.

"ಕೆಂಚಮ್ಮ, ನೀನು ಮುಟ್ಟಬ್ಯಾಡ" ಎಂದರು. ಗಟ್ಟಿಯಾಗಿ ಏನೂ ಹೇಳಲಿಲ್ಲ. ಸಿಟ್ಟಿನ ಮನುಷ್ಯರೂ ಅಲ್ಲ ಅವರು. "ನೀನು ಹತ್ತಿದ್ದಕ್ಕೇ ಹಿಂಗಾತು ಅಂತ ನಾನು ಅನ್ನಲ್ಲವ್ವ. ಮಂದಿ ಅಂತಾರೆ. ಮುಟ್ಟದೆ ಇದ್ದು ಒಂದು ವರ್ಷ ನೋಡಾನ."

ಅತ್ತೆ ಮಗನ ಕಡೆ ನೋಡಿದರು. ಹಾಲೇಶ ಬಲೆಯ ಗಂಟು ಬಿಡಿಸುತ್ತಾ ತಲೆ ತಗ್ಗಿಸಿದ್ದ. ಅವನು ನಂಬಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ತಿಂಗಳಿಡೀ ಬರಿ ಬುಟ್ಟಿ ಹೊತ್ತವನಿಗೆ ನಂಬಿಕೆ ಅಪನಂಬಿಕೆ ಎರಡಕ್ಕೂ ಶಕ್ತಿ ಉಳಿದಿರಲಿಲ್ಲ. ಅತ್ತೆ ಆಮೇಲೆ ನನ್ನ ಕಡೆ ನೋಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಅವರು ನೋಡಿದ್ದು ಒಂದೇ ಗಳಿಗೆ, ನನಗೆ ಅದು ಬಹಳ ಹೊತ್ತು ಅನ್ನಿಸಿತು. ನಾನು ಮಗು ಅತ್ತ ಹಾಗಾಯಿತು ಎಂದು ಒಳಗೆ ಹೋದೆ. ಮಗು ಅತ್ತಿರಲಿಲ್ಲ.

ಅಂದಿನಿಂದ ನಮ್ಮ ಬಲೆಗಳು ಹೊಲಿಗೆಗೆ ಬೇರೆ ಮನೆಗೆ ಹೋದವು. ಒಂದು ವರ್ಷ ಅಂದಿದ್ದರು ದೊಡ್ಡ ಮಾವ. ಮರುವರ್ಷ ಮೀನು ಚೆನ್ನಾಗಿಯೇ ಬಿತ್ತು. ಅದೇ ಮುಳುವಾಯಿತು. "ನೋಡ್ದ್ಯಾ, ಮುಟ್ಟದೆ ಇದ್ದಿದ್ದಕ್ಕೆ ಬಿತ್ತು" ಎಂದರು ಜನ. ಬೇರೆಯವರೂ ತಮ್ಮ ಬಲೆ ತರುವುದನ್ನು ಬಿಟ್ಟರು. ದೋಣಿ ಇಳಿಸುವಾಗ ಅತ್ತೆ ತಾವಾಗಿಯೇ ಹಿತ್ತಿಲಿಗೆ ಹೋಗಿ ನಿಲ್ಲುವುದನ್ನು ಕಲಿತರು.

ಆದರೆ ಕೈ ಸುಮ್ಮನೆ ಇರಬೇಕಲ್ಲ. ಸಿಮೆಂಟ್ ಚೀಲದ ದಾರ ಬಿಚ್ಚಿ ಈರುಳ್ಳಿಗೆ ಒಂದು ಬಲೆಚೀಲ ಮಾಡಿದರು. ಬೆಳ್ಳುಳ್ಳಿಗೆ ಇನ್ನೊಂದು. ಮೊಮ್ಮಗಳ ಚೆಂಡಿಗೆ ಒಂದು. ಟೀವಿ ರಿಮೋಟಿಗೂ ಒಂದು ಹೆಣೆದು ಗೋಡೆಗೆ ನೇತುಹಾಕಿದರು. ನಾವೆಲ್ಲ ನಕ್ಕೆವು, ಅವರೂ ನಕ್ಕರು. ಮನೆಯ ತುಂಬ ಮೀನಿಲ್ಲದ ಬಲೆಗಳು ತೂಗಾಡುತ್ತಿದ್ದವು. ಈರುಳ್ಳಿ ತೆಗೆಯಲು ಕೈ ಹಾಕಿದಾಗಲೆಲ್ಲ ನನಗೆ ಆ ಗಂಟುಗಳು ಬೆರಳಿಗೆ ಸಿಗುತ್ತಿದ್ದವು.

ತವರಿಗೆ ಹೋದಾಗ ಅವ್ವನ ಹತ್ತಿರ ಎಲ್ಲವನ್ನೂ ಹೇಳಿಕೊಂಡೆ. ನಲ್ಲಿಯ ಕೆಳಗೆ ಕೊಡ ಇಟ್ಟು ಕೂತಿದ್ದ ಅವ್ವ ನನ್ನ ಬಾಯಿ ಮುಚ್ಚುವುದೊಂದೇ ಬಾಕಿ. "ಸುಮ್ಕಿರು. ಗಂಗಮ್ಮನ ಕಾರ್ಯದಾಗೆ ಸುಳ್ಳು ಹೇಳ್ಯಾಳ ಅಂತ ಗೊತ್ತಾದ್ರೆ ನಿನ್ನ ಇಟ್ಕಂತಾರಾ? ಆಕಿಗೇನು, ವಯಸ್ಸಾತು. ನೀನು ಬಾಳುವಾಕಿ" ಎಂದಳು. ಅವ್ವನ ಮಾತು ಕೇಳಿ ನನಗೆ ಹಾಯೆನಿಸಿತು. ಅಲ್ಲಿಗೆ ಹೋಗಿದ್ದೇ ಆ ಮಾತು ಕೇಳಿಸಿಕೊಳ್ಳಲು ಎಂದು ವಾಪಸ್ ಬಸ್ಸಿನಲ್ಲಿ ಹೊಳೆಯಿತು.

ನಾಲ್ಕು ವರ್ಷದ ಹಿಂದೆ ನನಗೆ ರಕ್ತಸ್ರಾವ ನಿಲ್ಲದೆ ದಾವಣಗೆರೆಯಲ್ಲಿ ಆಪರೇಷನ್ ಆಗಿ ಗರ್ಭಕೋಶ ತೆಗೆದರು. ಕೇರಿಗೆ ಕೇರಿಯೇ ಬ್ರೆಡ್ಡು, ಮೂಸಂಬಿ ಹಿಡಿದು ನೋಡಲು ಬಂತು. ನಲವತ್ತಕ್ಕೆ ಮೊದಲೇ ತೆಗೆಸಿದಳಲ್ಲ ಎಂದು ಲೊಚಗುಟ್ಟಿ ಹೋದರು. ಆಸ್ಪತ್ರೆಯಲ್ಲಿ ರಾತ್ರಿ ಹಗಲು ಇದ್ದವರು ಅತ್ತೆ. ನನ್ನ ಬಟ್ಟೆ ಒಗೆದರು, ತಲೆ ಬಾಚಿದರು, ಗಂಜಿ ಕುಡಿಸಿದರು. ಒಂದು ಮಧ್ಯಾಹ್ನ ಅವರು ಹಾಸಿಗೆಯ ಪಕ್ಕ ಕೂತು ಗ್ಲೂಕೋಸ್ ನಳಿಗೆಗೆ ಕಟ್ಟಿದ್ದ ದಾರದಲ್ಲಿ ಗಂಟು ಹಾಕುತ್ತಾ ಬಿಚ್ಚುತ್ತಾ ಇದ್ದರು. "ಅತ್ತೆ" ಎಂದೆ. "ಏನವ್ವ?" ಎಂದರು, ತಕ್ಷಣ, ಕಾಯುತ್ತಿದ್ದವರಂತೆ. ನಾನು ನೀರು ಕೇಳಿದೆ.

ಈ ವರ್ಷದ ದೋಣಿಗೆ ಮತ್ತೆ ಅದೇ ಮಾತು. ಬಂದ್ ಮುಗಿಯುವ ದಿನ ಜಗುಲಿಯಲ್ಲಿ ಸಭೆ. ದೊಡ್ಡ ಮಾವನಿಗೆ ಈಗ ಕಿವಿ ಮಂದ, ಹಲ್ಲಿಲ್ಲ, ಆದರೂ ಮಾತು ಅವರದೇ. "ಈ ಸಲ ರತ್ನಮ್ಮ ಕುಂದ್ರಲಿ. ಹಿಂದಿನ ಸಲದಂಗೆ ಎಡವಟ್ಟು ಆಗಾದು ಬ್ಯಾಡ" ಎಂದರು. ರತ್ನಮ್ಮ ಎಂದರೆ ನಾನೇ. ಹಾಲೇಶ ಹಳೆಯ ಕಿತ್ತಳೆ ಜಾಕೆಟ್ ಅಟ್ಟದಿಂದ ಇಳಿಸಿ ಧೂಳು ಒದರುತ್ತಿದ್ದ. ಅದರ ಬಣ್ಣ ಹೋಗಿ ಮಾಸಲಾಗಿತ್ತು. ಅತ್ತೆ ಅದನ್ನು ನೋಡಿದರು. ಗೋಡೆ ಹಿಡಿದು ಎದ್ದು ಹಿತ್ತಿಲ ಕಡೆ ಹೊರಟರು. ಯಾರೂ ಹೇಳಿರಲಿಲ್ಲ, ದೋಣಿಯ ಮಾತು ಬಂತಲ್ಲ, ಅಷ್ಟಕ್ಕೇ ಎದ್ದಿದ್ದರು.

ಅವರು ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಇಡುವುದನ್ನು ನೋಡುತ್ತಾ ನನ್ನ ಬಾಯಿಂದ ಹಳೆಯ ಮಾತೇ ಬಂತು.

"ನಾನು ಹೊರಗಾಗೀನಿ. ಅತ್ತೆ ಕುಂದ್ರಲಿ."

ಜಗುಲಿಯಲ್ಲಿದ್ದ ಹೆಂಗಸೊಬ್ಬಳು ಕಿಸಕ್ಕನೆ ನಕ್ಕಳು. ದೊಡ್ಡ ಮಾವ ಕಿವಿಗೆ ಕೈ ಇಟ್ಟು, "ಏನಂತೆ?" ಎಂದರು. ಯಾರೋ ಗಟ್ಟಿಯಾಗಿ ಹೇಳಿದರು. ಅವರಿಗೂ ನಗು ಬಂತು. "ಏನವ್ವ, ಗರ್ಭಕೋಶ ತೆಗ್ಸಿದೋಳು ಹೊರಗಾಗಾದು ಹೆಂಗೆ?"

"ಅವತ್ತು ಹೆಂಗಾಗಿದ್ನೋ ಹಂಗೇ, ದೊಡ್ಡ ಮಾವ" ಎಂದೆ. ಕಿವಿ ಮಂದವಿದ್ದವರಿಗೂ ಕೇಳುವಂತೆ ಹೇಳಿದೆ. "ಅವತ್ತೂ ನಾನು ಹೊರಗಾಗಿರ್ಲಿಲ್ಲ. ನೀರು ನೋಡಿ ಹೆದರಿಕೆ ಆತು, ಸುಳ್ಳು ಹೇಳ್ದೆ. ಮೀನು ಬೀಳದೆ ಇದ್ದಿದ್ದಕ್ಕೆ ಯಾರ ಮ್ಯಾಲಾದ್ರೂ ಹಾಕಬೇಕು ಅಂದ್ರೆ ನನ್ ಮ್ಯಾಲೆ ಹಾಕ್ರಿ. ಅತ್ತೆ ಮ್ಯಾಲೆ ಹಾಕಬ್ಯಾಡ್ರಿ."

ನಕ್ಕವಳು ಬಾಯಿಗೆ ಸೆರಗು ಮುಚ್ಚಿಕೊಂಡಳು. ಹಾಲೇಶ ಜಾಕೆಟ್ ಹಿಡಿದು ನಿಂತವನು ನಿಂತೇ ಇದ್ದ. ನನ್ನನ್ನು ನೋಡಲಿಲ್ಲ. ಕೊಂಡಿಯನ್ನು ಹಾಕಿದ, ತೆಗೆದ, ಮತ್ತೆ ಹಾಕಿದ. ಅವನು ಆ ಜಾಕೆಟ್ ಹುಡುಕಿಕೊಂಡು ಅಲೆದಿದ್ದು ನನಗೆ ನೆನಪಾಯಿತು, ಅವನಿಗೂ ಅದೇ ನೆನಪಾಗಿರಬೇಕು. ಕೊನೆಗೆ ಹಿತ್ತಿಲ ಬಾಗಿಲ ಕಡೆ ತಿರುಗಿ, "ಅವ್ವಾ, ನಾಳೆ ಬೆಳಿಗ್ಗೆ ಲಗೂನ ಏಳು" ಎಂದ. ದೊಡ್ಡ ಮಾವ ಎದ್ದು, ಕೋಲು ಹುಡುಕಿಕೊಂಡು ಮನೆಗೆ ಹೋದರು. ಬೇಡ ಎನ್ನಲಿಲ್ಲ.

ಮರುದಿನ ಅತ್ತೆ ಯಾರ ಕೈಯನ್ನೂ ಹಿಡಿಯದೆ ಹತ್ತಲು ಹೋದರು. ನೆರಿಗೆ ಎತ್ತಿ, ಅಂಚಿಗೆ ಕೈ ಊರಿದರು. ಕಾಲು ಮೇಲೇಳಲಿಲ್ಲ. ಇನ್ನೊಮ್ಮೆ ನೋಡಿದರು, ಆಗಲಿಲ್ಲ. ಮಂಡಿ ಎರಡೂ ಹೋಗಿ ಎಷ್ಟೋ ಕಾಲವಾಗಿತ್ತು. ಹಾಲೇಶ ಅವರನ್ನು ಮಗುವಿನಂತೆ ಎತ್ತಿ ಒಳಗೆ ಕೂರಿಸಿದ. ನಾನು ಹಿಂದಿನಿಂದ ಕಾಲು ಎತ್ತಿ ಕೊಟ್ಟೆ. ಒಣ ಕಡ್ಡಿಯಷ್ಟು ಹಗುರ. ಈ ಕಾಲು ಅಂದು ಹಾರಿ ಹತ್ತಿತ್ತು. ಈ ಹತ್ತು ವರ್ಷದಲ್ಲಿ ಅವರು ಎಷ್ಟು ಸಲ ಹತ್ತಬಹುದಿತ್ತು!

ನಾನೂ ಹತ್ತಿಬಿಡುತ್ತೇನೆ ಎಂದು ಆ ಹುಮ್ಮಸ್ಸಿನಲ್ಲಿ ದೋಣಿಯ ಅಂಚಿಗೆ ಕೈ ಹಾಕಿದೆ. ಅತ್ತೆ ನನ್ನ ಕೈ ಮೇಲೆ ಮೆಲ್ಲಗೆ ಹೊಡೆದರು. "ಏಯ್, ಹೊರಗಾದೋಳು ದೋಣಿ ಮುಟ್ತಾರೇನೇ? ಅಲ್ಲೇ ನಿಂತ್ಕ ಹೋಗು, ಹುಣಸಿ ಮರದ ಕೆಳಗೆ." ದಡಕ್ಕೆ ದಡವೇ ನಕ್ಕಿತು. ನಾನು ಹೋಗಿ ಹುಣಸೆಮರದ ಕೆಳಗೆ ನಿಂತೆ. ಈ ಸಲವೂ ಅವರು ಬಾಗಿ ನೀರಿಗೆ ಕೈ ಬಿಟ್ಟರು. ನಕ್ಕರೋ ಇಲ್ಲವೋ ಕಾಣಲಿಲ್ಲ, ನನ್ನ ಕಣ್ಣು ಮಂಜಾಗಿತ್ತು.

ತಮಾಷೆ ಅಲ್ಲಿಗೆ ಮುಗಿಯಲಿಲ್ಲ. ಮನೆಗೆ ಬಂದ ಮೇಲೆ ಅವರು ಪಡಸಾಲೆಯ ಮೂಲೆಗೆ ಚಾಪೆ ಹಾಕಿಸಿದರು. "ಮೂರು ದಿನ ಒಳಗೆ ಕಾಲಿಡಬ್ಯಾಡ" ಎಂದರು. ನಗುತ್ತಲೇ ಹೇಳಿದರು, ಆದರೆ ನಾನು ಎದ್ದಾಗ ಕಣ್ಣು ಬಿಟ್ಟು ನೋಡಿದರು. ಕೂತೆ. ಅವರೇ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ, ಮುದ್ದೆ ತಿರುವಿ, ತಟ್ಟೆ ತಂದು ನನ್ನ ಮುಂದೆ ಇಟ್ಟರು. ಕೈ ನಡುಗಿ ಸಾರು ಚೆಲ್ಲಿತು. ಅಂಗನವಾಡಿಯಲ್ಲಿ ಇಪ್ಪತ್ತು ಮಕ್ಕಳಿಗೆ ಬಡಿಸುವ ಹೆಂಗಸು ನಾನು. ಸುಮ್ಮನೆ ಕೂತು ಬಡಿಸಿಕೊಂಡು ತಿಂದೆ. ಹಾಲೇಶ ಆಚೆ ತಿರುಗಿ ಉಂಡು ಎದ್ದುಹೋದ. ಅವನು ನನ್ನ ಜೊತೆ ಇನ್ನೂ ಮಾತಾಡಿರಲಿಲ್ಲ.

ಎರಡನೆಯ ದಿನ ಅವನು ಹರಿದ ಬಲೆಯೊಂದನ್ನು ತಂದು ಅವ್ವನ ಮುಂದೆ ಹಾಕಿದ. ಬಿದಿರಿನ ಸೂಜಿಯನ್ನೂ ಎಲ್ಲಿಂದಲೋ ಹುಡುಕಿ ತಂದಿದ್ದ. ಅತ್ತೆ ಬಲೆಯ ತುದಿ ಕಂಬಕ್ಕೆ ಕಟ್ಟಿಸಿಕೊಂಡು, ಕಾಲು ಚಾಚಿ ಕೂತರು. ಹರಿದ ಜಾಗ ಬೆರಳಿಗೆ ತಕ್ಷಣ ಸಿಕ್ಕಿತು. ಗಂಟು ಸಿಗಲಿಲ್ಲ. ಹಾಕಿದ್ದು ಜಾರಿತು, ಮತ್ತೆ ಹಾಕಿದರು, ಜಾರಿತು. ಬಲೆಯನ್ನು ಕಣ್ಣಿನ ಹತ್ತಿರ ತಂದು ನೋಡಿದರು. ಬಲೆ ಹೊಲಿಯಲು ಕಣ್ಣು ಯಾಕೆ ಎನ್ನುತ್ತಿದ್ದವರು. ಸ್ವಲ್ಪ ಹೊತ್ತಿಗೆ ಸೂಜಿಗೆ ದಾರ ಸುತ್ತಿ ಮಗನ ಕೈಗೆ ಕೊಟ್ಟು, "ಅವರ ಮನಿಗೇ ಕೊಡಪ್ಪ, ಚೆನ್ನಾಗಿ ಹೊಲಿತಾರೆ" ಎಂದರು. ನಾನು ಚಾಪೆಯ ಮೇಲೆ ಕೂತು ಇದನ್ನೆಲ್ಲ ನೋಡಿದೆ.

ಮೂರನೆಯ ಬೆಳಿಗ್ಗೆ ಹಿತ್ತಿಲಿಗೆ ಹೋದರೆ ಹಗ್ಗದ ಮೇಲೆ ಹಳೆಯ ಸೀರೆಯ ತುಂಡು, ಒಗೆದು ಹಾಕಿದ್ದು, ನೀರು ತೊಟ್ಟಿಕ್ಕುತ್ತಿತ್ತು. ಅತ್ತೆ ಒಗೆಯುವ ಕಲ್ಲಿನ ಮೇಲೆ ಕೂತು ಕೈ ಒರೆಸಿಕೊಳ್ಳುತ್ತಿದ್ದರು.

"ಅವತ್ತೂ ನೀವೇ ಒಣಗಾಕಿದ್ದಾ?" ಎಂದೆ.

"ಮತ್ಯಾರು? ನಿನ್ ಗಂಡ ಇಲ್ಲೇ ಮುಖ ತೊಳಿಯಾಕೆ ಬರ್ತಾನೆ. ಹಗ್ಗ ಖಾಲಿ ಇದ್ರೆ ಅನುಮಾನ ಬರಲ್ವಾ? ಅದರ ಹಿಂದಿನ ವಾರ ತಾನೇ ನೀನು ಹೊರಗಾಗಿ, ನಾನೇ ನಿನ್ ತಲಿಗೆ ನೀರು ಹಾಕಿದ್ದೆ. ನಂಗೆ ಗೊತ್ತಾಗಲ್ಲ ಅಂದ್ಕಂಡ್ಯಾ?"

"ಗೊತ್ತಿದ್ದು ಯಾಕೆ ಹತ್ತಿದ್ರಿ?"

"ನಂಗೂ ಹತ್ತಬೇಕಿತ್ತು ಕಣೇ" ಎಂದರು. ಹೇಳಲು ನಾಚಿಕೆಯಾದಂತೆ ಸೆರಗು ಸರಿಮಾಡಿಕೊಂಡರು.

"ಹೋಗ್ಲಿ, ಆಮ್ಯಾಲಾದ್ರೂ? ಬಲಿ ಮುಟ್ಟಬ್ಯಾಡ ಅಂದಾಗ ಒಂದು ಮಾತು ಯಾಕೆ ಹೇಳ್ಲಿಲ್ಲ?"

ಅತ್ತೆ ಹಗ್ಗದ ಕಡೆ ನೋಡಿದರು. ಬಟ್ಟೆಯ ಒಂದು ತುದಿ ಮಡಚಿಕೊಂಡಿತ್ತು. ಅದನ್ನು ಬಿಡಿಸಲು ಕೈ ಚಾಚಿದರು, ಎಟುಕಲಿಲ್ಲ.

"ನೀನು ಹೇಳ್ತಿ ಅಂತ ಕಾಯ್ತಿದ್ದೆ" ಎಂದರು. "ತಡ ಮಾಡಿದಿ."

ನಾನು ಬಟ್ಟೆಯ ತುದಿ ಬಿಡಿಸಿದೆ. ಆಮೇಲೆ ಅವರ ಕೈ ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಬಂದೆ.